ಸ್ಪೀಡ್ ಇದ್ದರೂ ಕರೆ ಕಡಿಯುತ್ತದೆಯೇ? ಮನೆಯ ನೆಟ್‌ವರ್ಕ್ ದಟ್ಟಣೆ ಬಿಡಿಸುವ ಸಮಗ್ರ ಮಾರ್ಗದರ್ಶಿ

ಮೈಸೂರಿನ ಅಕ್ಕನ ಮನೆಗೆ ಹೋದಾಗಲೆಲ್ಲ ಒಂದೇ ದೂರು. ಸಂಜೆ ಏಳರ ಮೀಟಿಂಗ್‌ನಲ್ಲಿ ಭಾವನ ಮಾತು ಆ ಕಡೆಯವರಿಗೆ ತುಂಡು ತುಂಡಾಗಿ ಕೇಳುತ್ತಿತ್ತು. ಸ್ಪೀಡ್ ಟೆಸ್ಟ್ ಮಾಡಿದರೆ 100 ಎಂಬಿಪಿಎಸ್ ಸರಿಯಾಗಿಯೇ ಬರುತ್ತಿತ್ತು. ನೆಟ್ ಕಂಪನಿಗೆ ಫೋನ್ ಮಾಡಿದರೆ ‘ಲೈನ್ ಚೆನ್ನಾಗಿದೆ ಸರ್, ದೊಡ್ಡ ಪ್ಲಾನ್ ತಗೊಳ್ಳಿ’ ಅಂದರು. 200 ಎಂಬಿಪಿಎಸ್ ಪ್ಲಾನ್ ತಗೊಂಡದ್ದೂ ಆಯಿತು. ಮಾತು ಕಡಿಯುವುದು ಮಾತ್ರ ನಿಲ್ಲಲಿಲ್ಲ. ‘ನೋಡೋ, ತಿಂಗಳಿಗೆ ಇನ್ನೂರು ರೂಪಾಯಿ ಜಾಸ್ತಿ ಕಟ್ಟಿದ್ರೂ ಅಷ್ಟೇ’ ಅಂತ ಅಕ್ಕ ಬೇಜಾರು ಮಾಡಿಕೊಂಡಳು.

ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದು ಕೂತೆ. ಸುಮ್ನೆ ಇದ್ದಾಗ ಪಿಂಗ್, ಅಂದರೆ ಒಂದು ಸಣ್ಣ ಸಂದೇಶ ಹೋಗಿ ಬರಲು ಹಿಡಿಯುವ ಸಮಯ, 8 ಮಿಲಿಸೆಕೆಂಡ್ ಬರುತ್ತಿತ್ತು. ಸೊಸೆ ಕಾಲೇಜಿನಿಂದ ಬಂದಳು, ಅವಳ ಫೋನು ವೈಫೈ ಹಿಡಿಯಿತು, ಯಾರದೋ ಮದುವೆಯ ಫೋಟೊಗಳು ತಾವಾಗಿಯೇ ಬ್ಯಾಕಪ್ ಆಗಲು ಶುರುವಾದವು. ಪಿಂಗ್ 800ಕ್ಕೆ ಏರಿತು. ಬ್ಯಾಕಪ್ ನಿಲ್ಲಿಸಿದೆವು. ಮತ್ತೆ 8. ಕಾರಣ ಕಣ್ಣೆದುರೇ ಇತ್ತು. ಡೌನ್‌ಲೋಡ್ 200 ಆಗಿದ್ದರೂ ಅಪ್‌ಲೋಡ್ ಮೊದಲಿನ ಹಾಗೆ 20 ಎಂಬಿಪಿಎಸ್ಸೇ ಇತ್ತು, ಆ 20ರ ಹಿಂದೆ ಒಂದು ಉದ್ದನೆಯ ಸಾಲು ನಿಂತಿತ್ತು.

ಈ ಸಾಲನ್ನು ಹುಡುಕುವುದು ಹೇಗೆ, ಬಿಡಿಸುವುದು ಹೇಗೆ ಅಂತ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ಮನೆಯ ಲೈನಿಗೆ, ಸಣ್ಣ ಆಫೀಸಿಗೆ ಎರಡಕ್ಕೂ ಆಗುತ್ತದೆ. ಒಂದು ರಜಾ ದಿನದ ಮಧ್ಯಾಹ್ನ ಸಾಕು.

ಮೊದಲು ಸಾಲು ಯಾಕೆ ಬೆಳೆಯುತ್ತದೆ ಅಂತ ನೋಡೋಣ

ಹಿಟ್ಟಿನ ಗಿರಣಿ ನೆನಪಿಸಿಕೊಳ್ಳಿ. ನಿಮ್ಮ ಕೈಯಲ್ಲಿ ಒಂದು ಸೇರು ರಾಗಿ. ನಿಮ್ಮ ಮುಂದೆ ಹೋಟೆಲಿನವರು ಹತ್ತು ಮೂಟೆ ಗೋಧಿ ಇಟ್ಟಿದ್ದಾರೆ. ಗಿರಣಿ ಎಷ್ಟೇ ಜೋರಾಗಿ ಓಡಲಿ, ಆ ಹತ್ತು ಮೂಟೆ ಮುಗಿಯುವವರೆಗೆ ನೀವು ನಿಲ್ಲಬೇಕು. ಭಾವನ ಮಾತು ಆ ಒಂದು ಸೇರು ರಾಗಿ. ಮಾತಿನ ಕರೆಗೆ 100 ಕೆಬಿಪಿಎಸ್ ಕೂಡ ಬೇಕಾಗುವುದಿಲ್ಲ. ಫೋಟೊ ಬ್ಯಾಕಪ್ ಹತ್ತು ಮೂಟೆ ಗೋಧಿ.

ಸಾಲು ನಿಲ್ಲುವ ಜಾಗಕ್ಕೆ ಬಫರ್ ಅನ್ನುತ್ತಾರೆ. ಪ್ರತಿ ಮೋಡೆಮ್, ಪ್ರತಿ ರೂಟರ್‌ನಲ್ಲಿ ಅದು ಇರುತ್ತದೆ, ಇರಲೇಬೇಕು. ಪ್ಯಾಕೆಟ್‌ಗಳು, ಅಂದರೆ ನೆಟ್‌ನಲ್ಲಿ ಹೋಗುವ ಮಾಹಿತಿಯ ಸಣ್ಣ ಸಣ್ಣ ತುಂಡುಗಳು, ಒಟ್ಟೊಟ್ಟಿಗೆ ಬಂದಾಗ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಜಾಗ ಅದು. ತೊಂದರೆ ಬರುವುದು ಆ ಜಾಗ ಅತಿಯಾದಾಗ. ಲೆಕ್ಕ ಸುಲಭ. 2 ಮೆಗಾಬೈಟ್ ಬಫರ್ ಅಂದರೆ 16 ಮೆಗಾಬಿಟ್. 20 ಎಂಬಿಪಿಎಸ್ ದಾರಿಯಲ್ಲಿ ಅದು ಖಾಲಿಯಾಗಲು 0.8 ಸೆಕೆಂಡ್ ಬೇಕು. ಅಕ್ಕನ ಮನೆಯಲ್ಲಿ ಕಂಡ 800 ಮಿಲಿಸೆಕೆಂಡ್‌ಗೆ ಅಷ್ಟು ಜಾಗ ಸಾಕು.

ಆ ಜಾಗ ಇಡೀ ಯಾಕೆ ತುಂಬುತ್ತದೆ? ಕಳಿಸುವ ಕಂಪ್ಯೂಟರ್‌ಗೆ ದಾರಿ ಎಷ್ಟು ಅಗಲ ಅಂತ ಗೊತ್ತಿರುವುದಿಲ್ಲ. ನಮ್ಮ ಫೋನು, ಲ್ಯಾಪ್‌ಟಾಪ್‌ಗಳಲ್ಲಿ ಮಾಹಿತಿ ಕಳಿಸಲು ಹೆಚ್ಚಾಗಿ ಬಳಕೆಯಲ್ಲಿರುವ ಟಿಸಿಪಿ ಎಂಬ ವಿಧಾನ ಸ್ವಲ್ಪ ಸ್ವಲ್ಪವೇ ಜಾಸ್ತಿ ಕಳಿಸುತ್ತಾ ಹೋಗುತ್ತದೆ. ಪ್ಯಾಕೆಟ್ ಕಳೆದುಹೋದಾಗ ಮಾತ್ರ ದಾರಿ ತುಂಬಿದೆ ಅಂತ ಅದಕ್ಕೆ ಗೊತ್ತಾಗಿ ನಿಧಾನಿಸುತ್ತದೆ. ಬಫರ್ ದೊಡ್ಡದಾಗಿದ್ದರೆ ಪ್ಯಾಕೆಟ್ ಕಳೆಯುವುದೇ ಇಲ್ಲ, ಸಾಲು ಉದ್ದವಾಗುತ್ತಾ ಹೋಗುತ್ತದೆ. ಏನನ್ನೂ ಕಳೆಯಬಾರದು ಅಂತ ಇಟ್ಟ ಜಾಗವೇ ನಿಧಾನಿಸಬೇಕಾದ ಸುದ್ದಿಯನ್ನು ಮುಚ್ಚಿಡುತ್ತದೆ.

ಈ ‘ನಿಧಾನಿಸುವ’ ಬುದ್ಧಿ ಟಿಸಿಪಿಗೆ ಹುಟ್ಟಿನಿಂದ ಬಂದದ್ದಲ್ಲ. 1984ರಲ್ಲೇ ಜಾನ್ ನೇಗಲ್ ಅನ್ನುವವರು ಹೀಗೇ ಬಿಟ್ಟರೆ ದಟ್ಟಣೆಯಿಂದ ನೆಟ್‌ವರ್ಕ್ ಕುಸಿಯುತ್ತದೆ ಅಂತ ಬರೆದಿದ್ದರು. 1986ರ ಅಕ್ಟೋಬರ್‌ನಲ್ಲಿ ಅದು ನಿಜವಾಯಿತು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ ಇದ್ದ ದೂರ 400 ಗಜ. ಅಲ್ಲಿ ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದ ದಾರಿಯಲ್ಲಿ 40 ಬಿಟ್ ಹೋಗುವ ಸ್ಥಿತಿ ಬಂತು. ಎಲ್ಲರೂ ಕಳೆದುಹೋದದ್ದನ್ನು ಮತ್ತೆ ಮತ್ತೆ ಕಳಿಸಿ ದಾರಿಯನ್ನು ಇನ್ನಷ್ಟು ಮುಚ್ಚುತ್ತಿದ್ದರು. ವ್ಯಾನ್ ಜೇಕಬ್ಸನ್ ಮತ್ತು ಮೈಕಲ್ ಕ್ಯಾರಲ್ಸ್ 1988ರಲ್ಲಿ ಪ್ರಕಟಿಸಿದ ಪರಿಹಾರದ ಮೇಲೆಯೇ ಇವತ್ತಿನ ಇಂಟರ್ನೆಟ್ ನಿಂತಿದೆ.

ಅದೇ 1988ರಲ್ಲಿ ಇನ್ನೊಂದು ದಾರಿಯನ್ನು ತೋರಿಸಿದವರು ರಾಜ್ ಜೈನ್ ಮತ್ತು ಕೆ. ಕೆ. ರಾಮಕೃಷ್ಣನ್. ಇಬ್ಬರೂ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಐಐಎಸ್‌ಸಿ) ಓದಿದವರು ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ. ಪ್ಯಾಕೆಟ್ ಕಳೆಯುವವರೆಗೆ ಯಾಕೆ ಕಾಯಬೇಕು, ಸಾಲು ಬೆಳೆಯುತ್ತಿದ್ದ ಹಾಗೆ ಪ್ಯಾಕೆಟ್ ಮೇಲೆ ಒಂದು ಗುರುತು ಹಾಕಿ ಕಳಿಸಿದವರಿಗೆ ತಿಳಿಸಿದರೆ ಸಾಕಲ್ವಾ ಅಂದರು. ಆ ವಿಚಾರವೇ ಮುಂದೆ ಇಸಿಎನ್ ಎಂಬ ಹೆಸರಲ್ಲಿ 2001ರಲ್ಲಿ ಇಂಟರ್ನೆಟ್‌ನ ನಿಯಮವಾಯಿತು. ಕೆಳಗೆ ಹೇಳುವ ಸೆಟಿಂಗ್‌ನಲ್ಲೂ ಅದು ಸಿಗುತ್ತದೆ.

ಹೆಜ್ಜೆ 1: ಅಳೆಯಿರಿ, ಬರೆದಿಡಿ

ಅಳೆಯದೆ ಏನನ್ನೂ ಮುಟ್ಟಬೇಡಿ. ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಹಾಕಿ ರೂಟರ್‌ಗೆ ನೇರ ಜೋಡಿಸಿ. ವೈಫೈ ಮೇಲೆ ಅಳೆದರೆ ತಪ್ಪು ಯಾರದ್ದು ಅಂತ ತಿಳಿಯುವುದಿಲ್ಲ. ಮನೆಯವರಿಗೆ ಹೇಳಿ ಹತ್ತು ನಿಮಿಷ ನೆಟ್ ಬಳಸದಂತೆ ನೋಡಿಕೊಳ್ಳಿ.

ನೋಡಬೇಕಾದದ್ದು ಸ್ಪೀಡ್ ಅಲ್ಲ, ಲೇಟೆನ್ಸಿ. ಅಂದರೆ ಒಂದು ಪ್ಯಾಕೆಟ್ ಹೋಗಿ ಬರಲು ಹಿಡಿಯುವ ಸಮಯ. ಅದು ದಾರಿ ಖಾಲಿ ಇದ್ದಾಗ ಎಷ್ಟು, ದಾರಿ ತುಂಬಿದಾಗ ಎಷ್ಟು? ನೆಟ್‌ಫ್ಲಿಕ್ಸ್‌ನ ಫಾಸ್ಟ್ ಡಾಟ್ ಕಾಮ್ ತೆರೆದು ‘ಹೆಚ್ಚಿನ ಮಾಹಿತಿ’ ಒತ್ತಿದರೆ ಲೋಡ್ ಇಲ್ಲದಾಗಿನ ಮತ್ತು ಇದ್ದಾಗಿನ ಎರಡೂ ಅಂಕಿ ತೋರಿಸುತ್ತದೆ. ಕ್ಲೌಡ್‌ಫ್ಲೇರ್‌ನ ಸ್ಪೀಡ್ ಟೆಸ್ಟ್ ಡೌನ್‌ಲೋಡ್ ಮತ್ತು ಅಪ್‌ಲೋಡ್ ಹೊತ್ತಿನ ಲೇಟೆನ್ಸಿಯನ್ನು ಬೇರೆ ಬೇರೆಯಾಗಿ ಕೊಡುತ್ತದೆ. ನಾನು ಹೆಚ್ಚಾಗಿ ಬಳಸುವುದು ಇದನ್ನೇ. ವೇವ್‌ಫಾರ್ಮ್ ಎಂಬ ಕಂಪನಿಯ ಬಫರ್‌ಬ್ಲೋಟ್ ಟೆಸ್ಟ್ ಎ, ಬಿ, ಸಿ ಅಂತ ದರ್ಜೆ ಕೊಡುತ್ತದೆ.

ಯಾವ ವೆಬ್‌ಸೈಟೂ ಬೇಡ ಅಂದರೆ ಸುಮ್ನೆ ಕಂಪ್ಯೂಟರ್‌ನ ಕಮಾಂಡ್ ಕಿಟಕಿಯಲ್ಲಿ 1.1.1.1 ವಿಳಾಸಕ್ಕೆ ಪಿಂಗ್ ಓಡಲು ಬಿಡಿ. ಇನ್ನೊಂದರಲ್ಲಿ ಒಂದು ದೊಡ್ಡ ವಿಡಿಯೊ ಫೈಲನ್ನು ಡ್ರೈವ್‌ಗೆ ಅಪ್‌ಲೋಡ್ ಮಾಡಿ. ಪಿಂಗ್ ಅಂಕಿ ಏರುವುದನ್ನು ಕಣ್ಣಾರೆ ನೋಡಬಹುದು.

ಏರಿಕೆ 30 ಮಿಲಿಸೆಕೆಂಡ್ ಒಳಗಿದ್ದರೆ ನಿಮ್ಮ ಲೈನ್ ಚೆನ್ನಾಗಿದೆ. 100 ದಾಟಿದರೆ ಕರೆಯಲ್ಲಿ, ಆಟದಲ್ಲಿ ತೊಂದರೆ ಗೊತ್ತಾಗುತ್ತದೆ. ದೂರವಾಣಿ ಮಾತಿಗೆ ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡ್ ಮೀರದಿದ್ದರೆ ಒಳ್ಳೆಯದು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. 800 ಬಂದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಸುಮ್ಮನಾಗಿ, ಮತ್ತೆ ಒಟ್ಟಿಗೆ ಶುರು ಮಾಡುವ ಪಾಡು.

ಈ ಅಳತೆಯನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಸುಮಾರಿಗೆ ಒಮ್ಮೆ ಮಾಡಿ. ಡೌನ್‌ಲೋಡ್, ಅಪ್‌ಲೋಡ್, ಖಾಲಿ ಪಿಂಗ್, ತುಂಬಿದ ಪಿಂಗ್, ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಇದೇ ಚೀಟಿ ಬೇಕಾಗುತ್ತದೆ.

ಹೆಜ್ಜೆ 2: ಸಾಲು ಎಲ್ಲಿದೆ?

ದಟ್ಟಣೆ ಮೂರು ಜಾಗದಲ್ಲಿ ಆಗಬಹುದು. ಮನೆಯೊಳಗಿನ ವೈಫೈ, ಮನೆಯಿಂದ ಹೊರಡುವ ಲೈನು, ಇಲ್ಲವೇ ಕಂಪನಿಯ ಒಳಗಿನ ದಾರಿ.

ವೈಫೈನಲ್ಲಿ ಇದ್ದುಕೊಂಡು ನಿಮ್ಮ ರೂಟರ್‌ಗೇ ಪಿಂಗ್ ಮಾಡಿ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಐದಾರು ಅಡಿ ದೂರದ ರೂಟರ್‌ಗೆ ಹೋಗಿ ಬರಲು ಕೆಲವೇ ಮಿಲಿಸೆಕೆಂಡ್ ಸಾಕು. ಅದೇ 50, 200 ಅಂತ ಕುಣಿಯುತ್ತಿದ್ದರೆ ತೊಂದರೆ ವೈಫೈನಲ್ಲಿದೆ. ಆಗ ಹೆಜ್ಜೆ 5ಕ್ಕೆ ಹೋಗಿ.

ಕೇಬಲ್ ಹಾಕಿದಾಗ ರೂಟರ್‌ವರೆಗೆ ಚೆನ್ನಾಗಿದ್ದು, ನೀವು ಲೈನ್ ತುಂಬಿಸಿದಾಗ ಮಾತ್ರ ಹೊರಗಿನ ಪಿಂಗ್ ಏರುತ್ತಿದ್ದರೆ ಅದು ಬಫರ್ ಉಬ್ಬರ. ಜಿಮ್ ಗೆಟಿಸ್ 2010ರಲ್ಲಿ ತಮ್ಮ ಮನೆಯ ಲೈನ್‌ನಲ್ಲೇ ಇದನ್ನು ಕಂಡು ‘ಬಫರ್‌ಬ್ಲೋಟ್’ ಅಂತ ಹೆಸರಿಟ್ಟರು. ಇದನ್ನು ನಾವೇ ಸರಿ ಮಾಡಬಹುದು.

ಮನೆಯಲ್ಲಿ ಯಾರೂ ಏನೂ ಬಳಸದಿದ್ದರೂ ರಾತ್ರಿ ಒಂಬತ್ತಕ್ಕೆ ಪಿಂಗ್ ಏರಿ, ಬೆಳಿಗ್ಗೆ ಇಳಿಯುತ್ತಿದ್ದರೆ? ಆಗ ದಟ್ಟಣೆ ಕಂಪನಿಯ ಕಡೆ ಇದೆ. ನಮ್ಮ ಊರುಗಳಲ್ಲಿ ಬರುವ ಫೈಬರ್ ಹೆಚ್ಚಾಗಿ ಜಿಪಾನ್ ತಂತ್ರದ್ದು. ಕಡೆಯವರೆಗೂ ಅದು ನಿಮ್ಮೊಬ್ಬರ ಫೈಬರ್ ಅಲ್ಲ. ಸುಮಾರು 2.5 ಜಿಬಿಪಿಎಸ್ ಇಳಿದಾರಿ ಮತ್ತು 1.25 ಜಿಬಿಪಿಎಸ್ ಏರುದಾರಿಯನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳಬಹುದು. ಅದು ಸಾಮಾನ್ಯವಾಗಿ ಸಾಕಾಗುತ್ತದೆ. ಸಾಕಾಗದಿದ್ದರೆ, ಅಥವಾ ಅದರಾಚೆಯ ದಾರಿ ತುಂಬಿದ್ದರೆ, ಮನೆಯ ರೂಟರ್‌ನಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ಚೀಟಿಯ ಅಂಕಿಗಳನ್ನು ಹೊತ್ತಿನ ಸಮೇತ ಕೊಟ್ಟು ದೂರು ದಾಖಲಿಸಿ, ದೂರಿನ ಸಂಖ್ಯೆ ಕೇಳಿ ಪಡೆಯಿರಿ. ‘ನೆಟ್ ಸ್ಲೋ’ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ‘ಖಾಲಿ ಲೈನ್‌ನಲ್ಲಿ ರಾತ್ರಿ 9ಕ್ಕೆ 180, ಬೆಳಿಗ್ಗೆ 6ಕ್ಕೆ 9, ಮೂರು ದಿನದಿಂದ ಹೀಗೇ’ ಅಂದರೆ ಲೈನ್‌ಮನ್ ಕೂಡ ನಿಂತು ಕೇಳುತ್ತಾನೆ.

ಹೆಜ್ಜೆ 3: ಮೂಟೆಗಳನ್ನು ಬೇರೆ ಹೊತ್ತಿಗೆ ತನ್ನಿ

ದುಡ್ಡಿಲ್ಲದೆ ಇವತ್ತೇ ಆಗುವ ಕೆಲಸ ಇದು. ಕಂಪ್ಯೂಟರ್ ಬ್ಯಾಕಪ್ ರಾತ್ರಿ ಎರಡಕ್ಕೆ ಇಡಿ. ಗೂಗಲ್ ಡ್ರೈವ್ ಮತ್ತು ಒನ್‌ಡ್ರೈವ್ ಎರಡರ ಕಂಪ್ಯೂಟರ್ ಆ್ಯಪ್‌ಗಳಲ್ಲೂ ಅಪ್‌ಲೋಡ್‌ಗೆ ಮಿತಿ ಹಾಕುವ ಸೆಟಿಂಗ್ ಇದೆ. ಲೈನಿನ ಅಪ್‌ಲೋಡ್‌ನಲ್ಲಿ ಅರ್ಧ ಕೊಟ್ಟರೆ ಸಾಕು. ಸಿಸಿ ಕ್ಯಾಮೆರಾ ಹಗಲೂ ರಾತ್ರಿ ಕ್ಲೌಡ್‌ಗೆ ಕಳಿಸುತ್ತಿದೆಯೇ ನೋಡಿ. ನಾಲ್ಕು ಕ್ಯಾಮೆರಾ ಇರುವ ಮನೆಯಲ್ಲಿ ಅಪ್‌ಲೋಡ್‌ನ ದೊಡ್ಡ ಪಾಲು ಅಲ್ಲಿಯೇ ಹೋಗುತ್ತಿರಬಹುದು.

ಕಳಿಸುವವರೇ ಕಡಿಮೆ ಕಳಿಸುವುದು ಎಲ್ಲಕ್ಕಿಂತ ಹಳೆಯ ಉಪಾಯ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾದಾಗ ವಿಡಿಯೊ ಕಂಪನಿಗಳು ನಮ್ಮ ದೇಶದ ಮೊಬೈಲ್ ನೆಟ್‌ವರ್ಕ್‌ಗಳ ಮೇಲೆ ಚಿತ್ರವನ್ನು 480ಪಿಗೆ ಇಳಿಸಿದ್ದವು. ಸಣ್ಣ ಲೈನಿನ ಮನೆಯಲ್ಲಿ ಟಿವಿಯ 4ಕೆ ಬಿಟ್ಟು 1080ಪಿ ಇಟ್ಟರೆ ಅಷ್ಟೇ ನೆಮ್ಮದಿ ಸಿಗುತ್ತದೆ.

ಆದರೆ ಇದರ ಮೇಲೆಯೇ ನಿಂತುಕೊಳ್ಳಲು ಆಗುವುದಿಲ್ಲ. ಮೀಟಿಂಗ್ ಇದೆ ಅಂತ ದಿನಾ ಸಂಜೆ ಮನೆಯವರ ಫೋನ್ ಕಸಿದುಕೊಳ್ಳಲು ಸಾಧ್ಯವೇ?

ಹೆಜ್ಜೆ 4: ಸಾಲನ್ನು ನಿಮ್ಮ ಕೈಗೆ ತನ್ನಿ

ಇದೇ ಮುಖ್ಯ ಕೆಲಸ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕಂಪನಿ ಕೊಟ್ಟ ಮೋಡೆಮ್ ಡಬ್ಬಿಯೊಳಗಿನ ಸಾಲನ್ನು ನಾವು ಮುಟ್ಟಲು ಆಗುವುದಿಲ್ಲ. ಅದಕ್ಕೇ ಸಾಲು ಅಲ್ಲಿ ಹುಟ್ಟದ ಹಾಗೆ ಮಾಡಬೇಕು. ನಮ್ಮ ರೂಟರ್ ಲೈನಿಗಿಂತ ತುಸು ನಿಧಾನವಾಗಿ ಕಳಿಸಿದರೆ ಕಂಪನಿಯ ಡಬ್ಬಿಯ ಬಫರ್ ಖಾಲಿಯೇ ಇರುತ್ತದೆ. ಸಾಲು ನಮ್ಮ ರೂಟರ್‌ನಲ್ಲಿ ನಿಲ್ಲುತ್ತದೆ. ಅಲ್ಲಿ ಯಾರನ್ನು ಮೊದಲು ಬಿಡಬೇಕು ಅನ್ನುವುದು ನಮ್ಮ ಕೈಯಲ್ಲಿ.

ಹಾಗಾದರೆ ಯಾರನ್ನು ಮೊದಲು ಬಿಡುವುದು? ಒಳ್ಳೆಯ ಗಿರಣಿಯವನು ‘ಒಂದು ಸೇರಿನವರು ಮುಂದೆ ಬನ್ನಿ’ ಅನ್ನುತ್ತಾನೆ. ಹೋಟೆಲಿನವರಿಗೆ ಅದರಿಂದ ಎರಡು ನಿಮಿಷ ತಡ ಅಷ್ಟೇ. ಎಫ್‌ಕ್ಯೂ-ಕೋಡಲ್ ಎಂಬ ವಿಧಾನ ಮಾಡುವುದು ಇದನ್ನೇ. ಪ್ರತಿ ಸಂಪರ್ಕವನ್ನೂ ಬೇರೆ ಬೇರೆ ಸಾಲಿಗೆ ಹಾಕಿ, ಎಲ್ಲಕ್ಕೂ ಸರದಿಯಂತೆ ಪಾಲು ಕೊಡುತ್ತದೆ. ಕಡಿಮೆ ಕಳಿಸುವ ಸಂಪರ್ಕಕ್ಕೆ ಕಾಯುವ ಕೆಲಸವೇ ಇಲ್ಲ. ಜೊತೆಗೆ ಸಾಲಿನಲ್ಲಿ ಪ್ಯಾಕೆಟ್ ಎಷ್ಟು ಹೊತ್ತು ನಿಂತಿತು ಅಂತ ನೋಡುತ್ತಿರುತ್ತದೆ. 100 ಮಿಲಿಸೆಕೆಂಡ್ ಅವಧಿಯಲ್ಲಿ ಒಮ್ಮೆಯೂ ಆ ಕಾಯುವಿಕೆ 5 ಮಿಲಿಸೆಕೆಂಡ್‌ಗಿಂತ ಕೆಳಗೆ ಬರದಿದ್ದರೆ ಒಂದು ಪ್ಯಾಕೆಟ್ ಬೀಳಿಸುತ್ತದೆ ಅಥವಾ ಗುರುತು ಹಾಕುತ್ತದೆ. ಕಳಿಸುವವರು ಕೂಡಲೇ ನಿಧಾನಿಸುತ್ತಾರೆ. ಕೋಡಲ್ ಭಾಗವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ 2012ರಲ್ಲಿ ಕೊಟ್ಟರು. ಅದೇ ವರ್ಷ ಎಫ್‌ಕ್ಯೂ-ಕೋಡಲ್ ಲಿನಕ್ಸ್‌ಗೆ ಬಂತು. 2018ರಲ್ಲಿ ಅದರ ಮುಂದಿನ ರೂಪವಾದ ಕೇಕ್ ಬಂತು.

*ರೂಟರ್.* ಮೊದಲು ನಿಮ್ಮಲ್ಲಿರುವ ರೂಟರ್‌ನ ಸೆಟಿಂಗ್‌ನಲ್ಲಿ ಎಸ್‌ಕ್ಯೂಎಂ, ಸ್ಮಾರ್ಟ್ ಕ್ಯೂ, ಕೇಕ್, ಎಫ್‌ಕ್ಯೂ-ಕೋಡಲ್, ಸಾಲು ನಿಭಾಯಿಸುವ ಸೌಲಭ್ಯದ ಈ ಹೆಸರುಗಳಲ್ಲಿ ಯಾವುದಾದರೂ ಇದೆಯೇ ನೋಡಿ. ಯೂನಿಫೈ, ಮೈಕ್ರೋಟಿಕ್‌ನ 7ನೇ ಆವೃತ್ತಿ, ಪಿಎಫ್‌ಸೆನ್ಸ್ ಇವುಗಳಲ್ಲಿ ಇದೆ. ಇಲ್ಲದಿದ್ದರೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಬಹುದಾದ ರೂಟರ್ ಬೇಕು. ಅವರ ವೆಬ್‌ಸೈಟ್‌ನ ಪಟ್ಟಿಯಲ್ಲಿ ಮಾದರಿಯ ಹೆಸರಿನ ಜೊತೆ ವಿ1, ವಿ2 ಅಂತ ಹಾರ್ಡ್‌ವೇರ್ ಆವೃತ್ತಿಯನ್ನೂ ಹೊಂದಿಸಿ ನೋಡಿ. ಅದು ರೂಟರ್‌ನ ಕೆಳಗಿನ ಸ್ಟಿಕ್ಕರ್ ಮೇಲೆ ಇರುತ್ತದೆ. ತಪ್ಪು ಆವೃತ್ತಿಯ ಫೈಲ್ ಹಾಕಿದರೆ ರೂಟರ್ ಕೆಟ್ಟು ಕೂರಬಹುದು.

*ಜೋಡಣೆ.* ಕಂಪನಿಯ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ನಿಮ್ಮ ರೂಟರ್ ನೇರವಾಗಿ ಲಾಗಿನ್ ಆಗುವ ಹಾಗೆ ಮಾಡುವುದು ಒಳ್ಳೆಯದು. ಅದಕ್ಕೆ ಮೊದಲು ಪಿಪಿಪಿಒಇ (ಕಂಪನಿಯ ಲೈನಿಗೆ ಲಾಗಿನ್ ಆಗುವ ವಿಧಾನ) ಯೂಸರ್ ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಮೂರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಬ್ರಿಡ್ಜ್ ಮಾಡಿದ ಮೇಲೆ ಕೇಳೋಣ ಅಂದರೆ ನೆಟ್ಟೂ ಇರುವುದಿಲ್ಲ, ಭಾನುವಾರ ಫೋನೂ ಎತ್ತುವುದಿಲ್ಲ. ಬ್ರಿಡ್ಜ್ ಮಾಡಿಕೊಡುವುದಿಲ್ಲ ಅಂದರೂ ಚಿಂತೆ ಬೇಡ. ಆ ಡಬ್ಬಿಯ ಹಿಂದೆ ನಿಮ್ಮ ರೂಟರ್ ಇಟ್ಟು, ಡಬ್ಬಿಯ ವೈಫೈ ಆಫ್ ಮಾಡಿ. ಮನೆಯ ಪ್ರತಿ ಸಾಧನವೂ ನಿಮ್ಮ ರೂಟರ್ ದಾಟಿಯೇ ಹೋಗಬೇಕು. ಒಂದು ಟಿವಿ ಹಳೆಯ ಡಬ್ಬಿಯಲ್ಲೇ ಉಳಿದರೂ ಲೆಕ್ಕ ತಪ್ಪುತ್ತದೆ.

*ಸೆಟಿಂಗ್.* ಓಪನ್‌ಡಬ್ಲ್ಯುಆರ್‌ಟಿಯಲ್ಲಿ ‘ಸಿಸ್ಟಮ್’ ಮೆನುವಿನ ‘ಸಾಫ್ಟ್‌ವೇರ್’ಗೆ ಹೋಗಿ ‘ಲೂಸಿ-ಆ್ಯಪ್-ಎಸ್‌ಕ್ಯೂಎಂ’ ಹಾಕಿಕೊಳ್ಳಿ. ಆಮೇಲೆ ‘ನೆಟ್‌ವರ್ಕ್’ ಮೆನುವಿನಲ್ಲಿ ‘ಎಸ್‌ಕ್ಯೂಎಂ ಕ್ಯೂಒಎಸ್’ ಕಾಣುತ್ತದೆ. ಇಂಟರ್‌ಫೇಸ್ ಜಾಗದಲ್ಲಿ ವ್ಯಾನ್, ಅಂದರೆ ಹೊರಗಿನ ಲೈನ್ ಬರುವ ಕಡೆ, ಆಯ್ಕೆ ಮಾಡಿ. ಪಿಪಿಪಿಒಇ ಇದ್ದರೆ ಅದೇ ಹೆಸರಿನ ವ್ಯಾನ್ ಆರಿಸಿ.

ಮುಂದೆ ವೇಗ. ಚೀಟಿ ತೆಗೆಯಿರಿ. ಅಳೆದದ್ದರ 90 ಶೇಕಡ ಹಾಕಿ. ಜಾಹೀರಾತಿನ ವೇಗ ಹಾಕಬೇಡಿ, ಅಳೆದ ವೇಗವೇ ಆಗಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ, ಯಾಕೆಂದರೆ ಆ ಪೆಟ್ಟಿಗೆ ಕಿಲೋಬಿಟ್ ಲೆಕ್ಕದಲ್ಲಿದೆ. ಅಕ್ಕನ ಮನೆಗೆ ಡೌನ್‌ಲೋಡ್ 180000, ಅಪ್‌ಲೋಡ್ 18000 ಹಾಕಿದೆ. ಗಡಿಬಿಡಿಯಲ್ಲಿ 180 ಮತ್ತು 18 ಅಂತ ಹಾಕಿದರೆ ಮನೆಯ ನೆಟ್ ನಿಂತೇ ಹೋದ ಹಾಗಾಗುತ್ತದೆ.

‘ಕ್ಯೂ ಡಿಸಿಪ್ಲಿನ್’ ಪುಟದಲ್ಲಿ ಕೇಕ್ ಮತ್ತು ‘ಪೀಸ್ ಆಫ್ ಕೇಕ್’ ಎಂಬ ಸ್ಕ್ರಿಪ್ಟ್ ಆರಿಸಿ. ‘ಲಿಂಕ್ ಲೇಯರ್’ ಪುಟದಲ್ಲಿ ಫೈಬರ್‌ಗೆ ಈಥರ್ನೆಟ್ ಆರಿಸಿ, ಓವರ್‌ಹೆಡ್ (ಪ್ರತಿ ಪ್ಯಾಕೆಟ್ ಜೊತೆ ಹೋಗುವ ಹೆಚ್ಚುವರಿ ಬೈಟ್‌ಗಳು) 44 ಹಾಕಿ. ಸ್ವಲ್ಪ ಜಾಸ್ತಿಯಾದರೆ ತೊಂದರೆಯಿಲ್ಲ, ಕಡಿಮೆಯಾದರೆ ಸಾಲು ಮತ್ತೆ ಆ ಕಡೆ ಜಾರುತ್ತದೆ. ಫೈರ್‌ವಾಲ್ ಪುಟದಲ್ಲಿ ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ ಆನ್ ಇದ್ದರೆ ಆಫ್ ಮಾಡಿ. ಅದು ಆನ್ ಇದ್ದರೆ ಪ್ಯಾಕೆಟ್‌ಗಳು ನಮ್ಮ ಸಾಲಿಗೆ ಬಾರದೆ ಅಡ್ಡದಾರಿ ಹಿಡಿಯುತ್ತವೆ.

*ಮತ್ತೆ ಅಳೆಯಿರಿ.* ಪಿಂಗ್ ಏರಿಕೆ ಇಳಿದಿದೆಯೇ? ಇಳಿದಿದ್ದರೆ ಅಪ್‌ಲೋಡ್ ಅಂಕಿಯನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಸಲ ಅಳೆಯಿರಿ. ಪಿಂಗ್ ಏರಲು ಶುರುವಾದ ಕಡೆ ಒಂದು ಹೆಜ್ಜೆ ಹಿಂದೆ ಬನ್ನಿ. ನಂತರ ಡೌನ್‌ಲೋಡ್‌ಗೂ ಹೀಗೇ. ಇಳಿಯದಿದ್ದರೆ 80 ಶೇಕಡಕ್ಕೆ ಇಳಿಸಿ ನೋಡಿ. ಅಕ್ಕನ ಮನೆಯಲ್ಲಿ ಅಪ್‌ಲೋಡ್ 18500ಕ್ಕೆ ನಿಂತಿತು. ಬ್ಯಾಕಪ್ ನಡೆಯುತ್ತಿದ್ದಾಗಲೇ ಪಿಂಗ್ 14. ಸೊಸೆಯ ಫೋಟೊಗಳೂ ಹೋದವು, ಭಾವನ ಮಾತೂ ಹೋಯಿತು.

ಡೌನ್‌ಲೋಡ್ ಬಗ್ಗೆ ಒಂದು ಮಾತು. ಅಪ್‌ಲೋಡ್‌ನಲ್ಲಿ ಕಳಿಸುವವರು ನಾವೇ, ಹಾಗಾಗಿ ಹಿಡಿತ ಪೂರ್ತಿ ನಮ್ಮದು. ಡೌನ್‌ಲೋಡ್‌ನಲ್ಲಿ ಪ್ಯಾಕೆಟ್ ಆಗಲೇ ಲೈನ್ ದಾಟಿ ಬಂದಿರುತ್ತದೆ. ಅದನ್ನು ಬೀಳಿಸಿ ದೂರದ ಸರ್ವರ್‌ಗೆ ‘ನಿಧಾನ’ ಅಂತ ಹೇಳುವುದಷ್ಟೇ ನಮ್ಮಿಂದ ಆಗುವುದು. ಅದಕ್ಕೇ ಇಳಿದಾರಿಗೆ ಸ್ವಲ್ಪ ಜಾಸ್ತಿ ಜಾಗ ಬಿಡಬೇಕಾಗಬಹುದು. ಇನ್ನೂ ಒಂದು ವಿಷಯ, ಅಪ್‌ಲೋಡ್ ತುಂಬಿದಾಗ ಡೌನ್‌ಲೋಡ್ ಕೂಡ ಕುಂಟುತ್ತದೆ. ‘ತಲುಪಿತು’ ಅನ್ನುವ ಉತ್ತರಗಳು ಅದೇ ಅಪ್‌ಲೋಡ್ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಒಂದನ್ನೇ ಸರಿಮಾಡುವುದಾದರೆ ಅಪ್‌ಲೋಡ್ ಮೊದಲು ಮಾಡಿ.

180 ಅಂತ ಮಿತಿ ಹಾಕಿದ್ದರೂ 110 ಮಾತ್ರ ಬರುತ್ತಿದ್ದರೆ ನಿಮ್ಮ ರೂಟರ್‌ನ ಪ್ರೊಸೆಸರ್ ಸಾಲದು ಅಂತ ಅರ್ಥ. ಈ ಕೆಲಸಕ್ಕೆ ಶಕ್ತಿ ಬೇಕು. ಕೇಕ್ ಬದಲು ಎಫ್‌ಕ್ಯೂ-ಕೋಡಲ್ ಆರಿಸಿ ನೋಡಿ, ಅದು ಹಗುರ. ಆಗಲೂ ಸಾಲದಿದ್ದರೆ ಅಪ್‌ಲೋಡ್‌ಗೆ ಮಾತ್ರ ಹಾಕಿ, ಡೌನ್‌ಲೋಡ್ ಜಾಗದಲ್ಲಿ 0 ಬಿಡಿ. 0 ಅಂದರೆ ಆ ಕಡೆ ಮಿತಿ ಇಲ್ಲ.

4ಜಿ, 5ಜಿ ಡಬ್ಬಿಯಿಂದ ನೆಟ್ ಬರುವ ಮನೆಗಳಲ್ಲಿ ವೇಗ ಗಳಿಗೆಗೊಂದು ಥರ ಇರುತ್ತದೆ. ಒಂದೇ ಅಂಕಿ ಹಾಕಿದರೆ ಕೆಲವೊಮ್ಮೆ ದಾರಿ ವ್ಯರ್ಥ, ಕೆಲವೊಮ್ಮೆ ಸಾಲು ವಾಪಸ್. ರಾತ್ರಿ ಒಂಬತ್ತರ ಕಡಿಮೆ ಅಳತೆಯನ್ನೇ ಹಿಡಿಯಿರಿ. ಕೈ ಪಳಗಿದ ಮೇಲೆ ಲೈನಿನ ಸ್ಥಿತಿ ನೋಡಿ ತಾನೇ ಅಂಕಿ ಬದಲಿಸುವ ಕೇಕ್-ಆಟೋರೇಟ್ ಸ್ಕ್ರಿಪ್ಟ್ ಪ್ರಯತ್ನಿಸಬಹುದು.

ಹಳೆಯ ರೂಟರ್‌ಗಳ ‘ಕ್ಯೂಒಎಸ್’ ಪುಟದಲ್ಲಿ ಯಾವ ಆ್ಯಪ್ ಮೊದಲು, ಯಾವುದು ಆಮೇಲೆ ಅಂತ ಪಟ್ಟಿ ಮಾಡುವ ಸೌಲಭ್ಯ ಇರುತ್ತದೆ. ನಾನು ಅದನ್ನು ಬಳಸುವುದು ಬಿಟ್ಟಿದ್ದೇನೆ. ಈಗ ಹೆಚ್ಚುಕಡಿಮೆ ಎಲ್ಲವೂ ಗೂಢಲಿಪಿಯಲ್ಲಿ ಹೋಗುವುದರಿಂದ ಯಾವುದು ಕರೆ, ಯಾವುದು ಫೈಲ್ ಅಂತ ಗುರುತಿಸುವುದೇ ಕಷ್ಟ. ಎಲ್ಲರಿಗೂ ಸಮಪಾಲು ಕೊಟ್ಟರೆ ಆ ಪಟ್ಟಿಯೇ ಬೇಕಾಗುವುದಿಲ್ಲ.

ಹೆಜ್ಜೆ 5: ವೈಫೈ

ನಿಮ್ಮ ಲೈನ್ 500 ಎಂಬಿಪಿಎಸ್ ಮೇಲಿದ್ದು ಅಪ್‌ಲೋಡ್ ಕೂಡ ಅಷ್ಟೇ ಇದ್ದರೆ ಲೈನ್‌ನಲ್ಲಿ ಸಾಲು ನಿಲ್ಲುವುದು ಅಪರೂಪ. ಆಗ ಸಾಲು ವೈಫೈನಲ್ಲಿ ನಿಲ್ಲುತ್ತದೆ.

ವೈಫೈನಲ್ಲಿ ಹಂಚಿಕೊಳ್ಳುವುದು ಗಾಳಿಯ ಸಮಯವನ್ನು. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಮೂಲೆಯ ಕೋಣೆಯಲ್ಲಿರುವ ಹಳೆಯ ಫೋನು ದುರ್ಬಲ ಸಿಗ್ನಲ್‌ನಲ್ಲಿ ನಿಧಾನವಾಗಿ ಮಾತಾಡಿದರೆ ಅಷ್ಟು ಹೊತ್ತೂ ಎಲ್ಲರೂ ಕಾಯಬೇಕು. ಅದಕ್ಕೇ ಕದಲದ ವಸ್ತುಗಳನ್ನು, ಅಂದರೆ ಟಿವಿ, ಡೆಸ್ಕ್‌ಟಾಪ್, ಕ್ಯಾಮೆರಾ ರೆಕಾರ್ಡರ್, ಎಲ್ಲವನ್ನೂ ಕೇಬಲ್‌ಗೆ ಹಾಕಿ. ಒಂದು ಟಿವಿ ಗಾಳಿಯಿಂದ ಇಳಿದರೆ ಉಳಿದವರಿಗೆ ಎಷ್ಟು ಹಗುರವಾಗುತ್ತದೆ ಅಂತ ನೋಡಿಯೇ ನಂಬಬೇಕು.

ಉಳಿದವರಿಗೆ 5 ಗಿಗಾಹರ್ಟ್ಜ್ ಕೊಡಿ. 2018ರಲ್ಲಿ ಸರ್ಕಾರ ಈ ತರಂಗ ಪಟ್ಟಿಯಲ್ಲಿ ಇನ್ನಷ್ಟು ಜಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿದೆ. 2.4 ಗಿಗಾಹರ್ಟ್ಜ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಫೋನಿನ ವೈಫೈ ಅನಲೈಸರ್ ಆ್ಯಪ್‌ನಲ್ಲಿ ಅಕ್ಕಪಕ್ಕದವರು ಎಲ್ಲಿದ್ದಾರೆ ನೋಡಿ, ಕಡಿಮೆ ಜನ ಇರುವುದನ್ನು ಆರಿಸಿ. ಅಗಲ 20 ಮೆಗಾಹರ್ಟ್ಜ್ ಇರಲಿ. 3 ಅಥವಾ 8ರಂಥ ನಡುವಿನ ಚಾನೆಲ್‌ಗೆ ಹೋದರೆ ಎರಡೂ ಕಡೆಯವರ ಗಲಾಟೆ ನಿಮಗೆ, ನಿಮ್ಮದು ಅವರಿಗೆ.

ಸಣ್ಣ ಆಫೀಸ್, ಶಾಲೆಯ ಲ್ಯಾಬ್

ಇಲ್ಲಿ ಹೆಜ್ಜೆಗಳು ಇವೇ, ಜೊತೆಗೆ ಎರಡು ಮೂರು ಸೇರಿಸಿಕೊಳ್ಳಿ. ನಲವತ್ತು ಕಂಪ್ಯೂಟರ್ ಬೆಳಿಗ್ಗೆ ಹತ್ತಕ್ಕೆ ಒಟ್ಟಿಗೆ ಆನ್ ಆಗಿ ನಲವತ್ತೂ ವಿಂಡೋಸ್ ಅಪ್‌ಡೇಟ್ ಎಳೆಯುವುದು ದಿನದ ಮೊದಲ ದಟ್ಟಣೆ. ವಿಂಡೋಸ್‌ನ ಡೆಲಿವರಿ ಆಪ್ಟಿಮೈಸೇಶನ್‌ನಲ್ಲಿ ‘ಇದೇ ನೆಟ್‌ವರ್ಕ್‌ನ ಕಂಪ್ಯೂಟರ್‌ಗಳಿಂದ’ ಪಡೆಯುವ ಆಯ್ಕೆ ಆನ್ ಮಾಡಿದರೆ ಒಂದು ತಂದದ್ದನ್ನು ಉಳಿದವು ಹಂಚಿಕೊಳ್ಳುತ್ತವೆ. ಪಾಲು ಸಂಪರ್ಕಕ್ಕೆ ಒಂದರಂತೆ ಹೋಗದೆ ಸಾಧನಕ್ಕೆ ಒಂದರಂತೆ ಹೋಗುವ ಹಾಗೆ ಕೇಕ್‌ನಲ್ಲಿ ಇಡಬಹುದು. ಆಗ ಒಬ್ಬರು ಇಪ್ಪತ್ತು ಡೌನ್‌ಲೋಡ್ ಹಚ್ಚಿದರೂ ಪಕ್ಕದವರ ಪಾಲು ಕರಗುವುದಿಲ್ಲ.

ಎಷ್ಟು ದೊಡ್ಡ ಲೈನ್ ತಗೋಬೇಕು ಅಂತ ಕೇಳುತ್ತಾರೆ. ಕ್ಯೂ ಗಣಿತದ ಅತಿ ಸರಳ ಮಾದರಿಯಲ್ಲಿ, ದಾರಿ ಅರ್ಧ ತುಂಬಿದಾಗ ಒಂದು ಪ್ಯಾಕೆಟ್‌ಗೆ ಹಿಡಿಯುವ ಸಮಯ ಖಾಲಿ ದಾರಿಯ 2 ಪಟ್ಟು. 80 ಶೇಕಡ ತುಂಬಿದರೆ 5 ಪಟ್ಟು, 90ಕ್ಕೆ 10 ಪಟ್ಟು, 95ಕ್ಕೆ 20 ಪಟ್ಟು. ಕಡೆಯ ಆ ಐದು ಹತ್ತು ಶೇಕಡದಲ್ಲೇ ಎಲ್ಲ ನೋವೂ ಇರುವುದು. ದಿನದ ಜೋರು ಹೊತ್ತಿನಲ್ಲಿ ಹತ್ತಾರು ನಿಮಿಷದ ಸರಾಸರಿ 70 ಶೇಕಡ ದಾಟುತ್ತಲೇ ಇದ್ದರೆ ಆಗ ದೊಡ್ಡ ಪ್ಲಾನ್‌ಗೆ ಖರ್ಚು ಮಾಡಿ. ಅದಕ್ಕಿಂತ ಮೊದಲು ಬೇಡ.

ಕಡೆಗೆ ಆ ಚೀಟಿ

ಕೆಲಸ ಮುಗಿದ ಮೇಲೆ ಅಕ್ಕನ ಮನೆಯವರು ಮತ್ತೆ 100ರ ಪ್ಲಾನ್‌ಗೆ ಇಳಿದರು. ಒಂದು ವಾರಕ್ಕೆ ಫೋನು ಬಂತು. ‘ಈಗ ಆ ಕಡೆಯವರ ಮಾತು ನಮಗೆ ಕಡಿದು ಕೇಳುತ್ತೆ ಕಣೋ.’ ತಪ್ಪು ನನ್ನದೇ. ರೂಟರ್‌ನಲ್ಲಿ ಡೌನ್‌ಲೋಡ್ ಇನ್ನೂ 180000 ಎಂದೇ ಇತ್ತು. ಲೈನ್ 100ಕ್ಕೆ ಇಳಿದಿದ್ದರಿಂದ ಸಾಲು ಸದ್ದಿಲ್ಲದೆ ಕಂಪನಿಯ ಕಡೆಗೆ ವಾಪಸ್ ಹೋಗಿತ್ತು. ಫೋನಿನಲ್ಲೇ ಹೇಳಿಕೊಟ್ಟು 90000 ಮಾಡಿಸಿದೆ, ಸರಿಹೋಯಿತು. ಪ್ಲಾನ್ ಏರಿಸಿದಾಗಲೂ ಹೀಗೇ. ಅಂಕಿ ಬದಲಿಸದಿದ್ದರೆ ದುಡ್ಡು ಕಟ್ಟಿಯೂ ಹಳೆಯ ವೇಗವೇ ಸಿಗುತ್ತದೆ, ಬೈಗುಳ ಕಂಪನಿಗೆ ಹೋಗುತ್ತದೆ.

ಈಗ ಅಕ್ಕನ ರೂಟರ್ ಮೇಲೆ ಒಂದು ಚೀಟಿ ಅಂಟಿಸಿದೆ. ಅದರಲ್ಲಿ ನಾಲ್ಕು ಸಾಲು. ಅಳೆದ ತಾರೀಕು, ಅಳೆದ ವೇಗ, ರೂಟರ್‌ನಲ್ಲಿ ಹಾಕಿದ ಅಂಕಿ, ಮತ್ತು ‘ಪ್ಲಾನ್ ಬದಲಿಸಿದರೆ ಇದನ್ನೂ ಬದಲಿಸಿ’.